ಮೂರು ಬಿಲ್ಡ್ ಎಬ್ಬಿಸಿದ ಭಾವ

ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಕಾರಟಗಿಯ ಬಾಡಿಗೆ ಮನೆಯಲ್ಲಿ ಕೂತು ಒಂದೇ ವರ್ಷದಲ್ಲಿ ಮೂರು ಬಿಲ್ಡ್ ಎಬ್ಬಿಸಿದ ಮನುಷ್ಯ. ಮೂರರಲ್ಲಿ ಒಂದಕ್ಕೂ ಬಾಗಿಲಿಲ್ಲ. ಒಂದಕ್ಕೆ ಮಾತ್ರ ವಿಂಡೋಸ್ ಇದೆ, ಅದೂ ನೆಟ್ಟಗೆ ತೆರೆಯುವುದಿಲ್ಲ!

ಸುದ್ದಿ ಓಣಿಗೆಲ್ಲ ಹಬ್ಬಿದ್ದು ಅಕ್ಕನಿಂದಲೇ. ಪಕ್ಕದ ಮನೆಯಾಕೆ, "ನಿಮ್ಮನಿಯವರು ಇಡೀ ದಿನ ಏನು ಮಾಡಾಕತ್ತಾರ್ರೀ?" ಎಂದು ಕೇಳಿದ್ದಕ್ಕೆ, ಅಕ್ಕ ತನ್ನ ಕಿವಿಗೆ ಬಿದ್ದಷ್ಟನ್ನು ಪ್ರಾಮಾಣಿಕವಾಗಿ ಹೇಳಿದಳು. "ಮೂರು ಬಿಲ್ಡ್ ಆಗಬೇಕಂತ್ರೀ. ಒಂದು ಎದ್ದೈತಿ, ಎರಡು ಮತ್ತ ಮತ್ತ ಬೀಳಾಕತ್ತಾವ."

ಮರುದಿನ ಬೆಳಿಗ್ಗೆ ಸಿಮೆಂಟ್ ಅಂಗಡಿಯವರು ಬಂದು ಕಟ್ಟೆಯ ಮೇಲೆ ಕೂತಿದ್ದರು.

"ಬೀಳೂ ಬಿಲ್ಡಿಂಗಿಗೆ ಒಮ್ಮೆ ನಮ್ಮ ಮಾಲು ಹಾಕಿ ನೋಡ್ರಿ ಸಾಹೇಬ್ರ!"

ಭಾವ ಕನ್ನಡಕದ ಮೇಲಿನಿಂದ ನೋಡಿ ನಿಟ್ಟುಸಿರು ಬಿಟ್ಟರು. "ಸಿಮೆಂಟಿಂದ ಆಗೂದಲ್ರಿ ಇದು. ಲೈಬ್ರರಿ ಸಿಗವಲ್ದು."

ಈ ಪುಣ್ಯಾತ್ಮ ಊರಿಗೊಂದು ಗ್ರಂಥಾಲಯವನ್ನೂ ಕಟ್ಟಿಸುತ್ತಾನೆಂದು ತಿಳಿದು ಅವರು ಕೈಮುಗಿದು ಹೋದರು!

ಭಾವನ ಹೊಟ್ಟೆಪಾಡು ಅಕ್ಕಿ ಗಿರಣಿಯಲ್ಲಿ. ಅಕ್ಕಿಯೊಳಗಿನ ಕಪ್ಪು ಕಾಳು ಆರಿಸುವ ಯಂತ್ರವನ್ನು ನೋಡಿಕೊಳ್ಳುವ ಕೆಲಸ. ಒಮ್ಮೆ ಆ ಯಂತ್ರದ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ನಾಳೆ ಬರುತ್ತೇನೆಂದು ವಾರಗಟ್ಟಲೆ ಬರಲಿಲ್ಲ. ಇವರೇ ಪುಸ್ತಕ ತರಿಸಿ, ಓದಿ, ಸರಿಮಾಡಿದರು. ಯಂತ್ರ ಸರಿಯಾಯಿತು, ಭಾವ ಕೆಟ್ಟರು. ಅವತ್ತು ಹಿಡಿದ ಪ್ರೋಗ್ರಾಮಿನ ಹುಚ್ಚು ಇವತ್ತಿಗೂ ಇಳಿದಿಲ್ಲ.

ಈಗ ಅವರು ಬರೆಯುತ್ತಿದ್ದುದು ಅಚ್ಚಾದ ಕನ್ನಡ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರು. ಅದರೊಳಗೆ ಮೂರು ಥ್ರೆಡ್ಡುಗಳು, ಅಂದರೆ ಒಟ್ಟೊಟ್ಟಿಗೆ ದುಡಿಯುವ ಮೂರು ಎಳೆಗಳು. ಒಂದು ಪುಟದ ಚಿತ್ರ ಹಿಡಿಯುತ್ತದೆ, ಒಂದು ಅಕ್ಷರ ಗುರುತಿಸುತ್ತದೆ, ಇನ್ನೊಂದು ಓದುತ್ತದೆ. ಇದನ್ನು ವಿವರಿಸಲು ಹೋದಾಗ ಅಕ್ಕ, "ಎಳಿ ಅಂದ್ರ ನೆನಪಾತು, ನನ್ನ ಸೀರಿ ಅಂಚು ಬಿಚ್ಚೈತಿ. ಮೊದಲ ಅದನ್ನ ಹೊಲಿಸಿಕೊಂಡು ಬರ್ರಿ," ಎಂದು ಕೈಗೆ ಚೀಲ ಕೊಟ್ಟು ಕಳಿಸಿದಳಂತೆ.

ಆದರೂ ಭಾವ ಸೋಲಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಅಕ್ಕ ಉಪ್ಪು ಹಾಕಿದ್ದಳು, ಅವಳ ಅತ್ತೆ ನೋಡಿರಲಿಲ್ಲ, ಅವರೂ ಹಾಕಿದ್ದರು. ಉಳಿದ ಗಂಡಸರಾದರೆ ಮುಖ ಸಿಂಡರಿಸುತ್ತಿದ್ದರು. ಭಾವ ಚಪ್ಪಾಳೆ ತಟ್ಟಿದರು!

"ನೋಡಿದ್ಯಾ ತಮ್ಮಾ! ಎರಡು ಎಳಿ, ಒಂದ ಗಡಿಗಿ. ಒಬ್ಬರು ಕೈ ಹಾಕಿದಾಗ ಇನ್ನೊಬ್ಬರು ಹಾಕಬಾರ್ದಂತ ಕೀಲಿ ಇರಬೇಕು. ನಮ್ಮನ್ಯಾಗ ಕೀಲಿ ಇಲ್ಲ!"

"ಕೀಲಿ ಐತ್ರಿ, ನಿಮ್ಮ ತಲಿಗೆ ಹಾಕೂದು ಮರತೀವಿ," ಎಂದಳು ಅಕ್ಕ.

ಈ ಎಳೆಗಳಿಗೆ ಅದಕ್ಕಿಂತ ದೊಡ್ಡ ರೋಗ ಇನ್ನೊಂದಿದೆಯಂತೆ. ನೆಂಟರ ಮನೆಯಲ್ಲಿ ಇಬ್ಬರು ಬೀಗರ ನಡುವೆ ಒಂದು ತಟ್ಟೆ ಮಿರ್ಚಿ ಭಜಿ ಇಟ್ಟಿದ್ದರು. "ನೀವು ತಗೋರಿ," "ಇಲ್ರಿ, ಮೊದಲ ನೀವು ತಗೋರಿ," ಎಂಬ ಮರ್ಯಾದೆಯಲ್ಲಿ ಮಿರ್ಚಿ ತಣ್ಣಗಾಯಿತು, ಇಬ್ಬರೂ ಉಪವಾಸ ಎದ್ದರು. ಭಾವ ಪಕ್ಕದಲ್ಲೇ ಕೂತಿದ್ದರಲ್ಲ, ಅವರೇಕೆ ಸುಮ್ಮನಿದ್ದರು ಅಂತೀರಾ? "ನಾ ನೋಡಾಕತ್ತಿದ್ದೆ, ಎಷ್ಟೊತ್ತು ಹಿಂಗ ಇರ್ತಾರಂತ. ಎಳಿಗೆ ಎಳಿ ಕಾಯ್ಕೋತ ಕುಂತ್ರ ಪ್ರೋಗ್ರಾಮು ಹಿಂಗ ನಿಂದರತೈತಿ!"

ಇಷ್ಟೇ ಆಗಿದ್ದರೆ ಬದುಕಬಹುದಿತ್ತು. ಭಾವನ ಹಟವೇನೆಂದರೆ ಇದು ಲಿನಕ್ಸು, ವಿಂಡೋಸು, ಮ್ಯಾಕು, ಮೂರರಲ್ಲೂ ನಡೆಯಬೇಕು. ಬರೆದದ್ದು ಒಂದೇ, ಆದರೆ ಮೂರು ಯಂತ್ರಕ್ಕೆ ಮೂರು ಥರ ಹೊಂದಿಸಿ ಕಟ್ಟಬೇಕು. ಹಾಗೆ ಕಟ್ಟಿದ್ದೇ ಬಿಲ್ಡ್, ಅದಕ್ಕೆ ಬೇಕಾದ ಸಿದ್ಧ ತುಣುಕುಗಳೇ ಲೈಬ್ರರಿ. ಅಡಿಗೆಯವನು ಒಬ್ಬನೇ, ಮದುವೆ ಮನೆ ಮೂರು. ಒಲೆ ಎಲ್ಲಿದೆ, ನೀರು ಎಲ್ಲಿದೆ, ಸೌಟು ಯಾರ ಹತ್ತಿರ ಇದೆ ಎಂದು ಮನೆಮನೆಗೂ ಬೇರೆ ಚೀಟಿ ಬರೆದುಕೊಡಬೇಕಂತೆ. ಒಂದು ಸಾಲು ತಪ್ಪಿದರೆ ಪರದೆ ತುಂಬ ಕೆಂಪು ಅಕ್ಷರ.

ಲಿನಕ್ಸು ಮನೆಯಲ್ಲಿತ್ತು. ಮ್ಯಾಕ್ ಎಲ್ಲಿಂದ ತರುವುದು? ಕೊಪ್ಪಳದ ಕಡೆಯ ಒಂದು ಅಂಧ ಮಕ್ಕಳ ಶಾಲೆಗೆ ಯಾರೋ ಮ್ಯಾಕ್ ದಾನ ಕೊಟ್ಟಿದ್ದರು. ಅವರಿಗೆ ಕಳಿಸುವ ಮೊದಲು ತಾನೇ ಒಂದರಲ್ಲಿ ಕಟ್ಟಿ ನೋಡಬೇಕೆಂದು ಭಾವನ ಪಟ್ಟು. ಗಂಗಾವತಿಯಲ್ಲಿ ನನ್ನ ಔಷಧದ ಅಂಗಡಿಯ ಎದುರಿಗೇ ಮದುವೆ ಫೋಟೊ ತೆಗೆಯುವವರ ಸ್ಟುಡಿಯೊ. ಅಲ್ಲೊಂದು ಮ್ಯಾಕ್ ಇದೆಯೆಂದು ಬಾಯಿಬಿಟ್ಟ ಪಾಪಿ ನಾನೇ.

"ಅರ್ಧ ತಾಸು ಅಷ್ಟ," ಎಂದು ಒಳಗೆ ಹೋದ ಭಾವ ಮಧ್ಯಾಹ್ನವಾದರೂ ಹೊರಬರಲಿಲ್ಲ. ಕಡೆಗೆ ಸ್ಟುಡಿಯೊ ಮಾಲೀಕರೇ ನನ್ನ ಅಂಗಡಿಗೆ ಓಡಿಬಂದರು.

"ಅಣ್ಣಾರ, ಮದುವಿ ವಿಡಿಯೊ ನಿಂತಬಿಟ್ಟೈತ್ರಿ! ಹುಡುಗಿ ಹಾರ ಹಿಡಕೊಂಡು ಕೈ ಎತ್ಯಾಳ, ಇಳಸವಲ್ಲಳು. ನೋಡಾಕ ಅವರಪ್ಪ ಬಂದು ಕುಂತಾರ!"

ಹೋಗಿ ನೋಡಿದರೆ ಪರದೆಯ ಮೇಲೆ ಮದುಮಗಳು, ಎತ್ತಿದ ಕೈ ಎತ್ತಿದಂತೆಯೇ. ಎದುರಿಗೆ ಅವಳಪ್ಪ ಗಾಬರಿಯಾಗಿ, "ಏನ್ರೀ ಇದು, ಹುಡುಗಿ ಮನಸ್ಸು ಬದಲಾತೇನು?" ಎನ್ನುತ್ತಿದ್ದರು.

ಭಾವ ತಲೆ ಎತ್ತದೆ ಸಮಾಧಾನ ಹೇಳಿದರು. "ಹಂಗೇನಿಲ್ರಿ. ಇದರ ಎಂಟೂ ಕೋರು, ಎಂಟೂ ಮಿದುಳು ಅನ್ರಿ, ನನ್ನ ಕೆಲಸಕ್ಕ ಹತ್ಯಾವ. ಎರಡು ಬಿಟ್ಟಕೊಡ್ತೀನಿ, ಲಗ್ನ ಮುಗಿಸ್ಕೋರಿ."

ಮ್ಯಾಕ್ ಬಿಲ್ಡ್ ಎದ್ದಿತು. ನನಗೂ ಆ ಸ್ಟುಡಿಯೊದವರಿಗೂ ಹದಿನೈದು ದಿನ ಮಾತಿರಲಿಲ್ಲ.

ಉಳಿದದ್ದು ವಿಂಡೋಸು. ಅದೂ ಹೊಸದಲ್ಲ, ಅಂಗಡಿಯವರೇ ಮರೆತಿರುವಂಥ ಹಳೇ ವಿಂಡೋಸು! ಅದೊಂದಕ್ಕೇ ಭಾವ ಎರಡು ತಿಂಗಳು ತಲೆ ಚಚ್ಚಿಕೊಂಡರು. ಯಾಕೆಂದು ಕೇಳಿದರೆ, "ನಡಿ ಕುಷ್ಟಗಿಗೆ, ತೋರಸ್ತೀನಿ," ಎಂದು ನನ್ನ ಬೈಕಿನ ಹಿಂದೆ ಹತ್ತಿದರು.

ಕುಷ್ಟಗಿಯಲ್ಲಿ ಇಳಿದದ್ದು ಅವರಿಗೆ ಏಳನೇ ಇಯತ್ತೆಯಲ್ಲಿ ಕನ್ನಡ ಕಲಿಸಿದ ಖಾದರ್ ಮಾಸ್ತರರ ಮನೆಯಲ್ಲಿ. ಸಕ್ಕರೆ ಕಾಯಿಲೆಯಿಂದ ಮಾಸ್ತರರ ಎರಡೂ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ಮೇಜಿನ ಮೇಲೆ ಒಂದು ಮುದಿ ಲ್ಯಾಪ್‌ಟಾಪು. ಬೆರಳಿಗೆ ಗುರುತು ಸಿಗಲೆಂದು ಅವರ ಸೊಸೆ ಕೆಲವು ಕೀಲಿಗಳ ಮೇಲೆ ತೊಗರಿ ಬೇಳೆ ಅಂಟಿಸಿದ್ದರು.

"ಇದನ್ನ ಒಗದು ಹೊಸಾದು ಕೊಡಸಬೇಕಿಲ್ರಿ ಭಾವಾರ?" ಎಂದು ಪಿಸುಗುಟ್ಟಿದೆ.

"ಅವರ ಬೆರಳು ಇದನ್ನ ಕಲತಾವೋ," ಎಂದರು ಭಾವ. "ಅರವತ್ತೆಂಟನೇ ವರ್ಷಕ್ಕ ಮತ್ತ ಒಂದನೇ ಇಯತ್ತೆಗೆ ಕುಂದರಸಲೇನು?"

ಪ್ರೋಗ್ರಾಮು ಹಾಕಿದರು. ಕ್ಯಾಮರಾದ ಮುಂದೆ ಪುಸ್ತಕ ಇಟ್ಟರು, ಹಳೇ ಏಳನೇ ಇಯತ್ತೆಯ ಪಠ್ಯ. ಯಂತ್ರದೊಳಗಿನ ಹೆಣ್ಣುದನಿ ಓದಲು ಶುರುಮಾಡಿತು. ಮಾಸ್ತರರು ಎರಡನೇ ಸಾಲಿಗೇ ಕೈ ಎತ್ತಿದರು.

"ಯಾರಿವ್ವ ಈಕಿ? 'ದನ' ಅಂತಾಳಲ್ಲ, ಅದು 'ಧನ'! ಸಾಹುಕಾರನ ಮನ್ಯಾಗ ದನ ತುಂಬ್ಯಾವಂತ!"

"ತಿದ್ದತೀನ್ರಿ ಸರ್."

"ಬೆಂಚಿನ ಮ್ಯಾಲ ನಿಲ್ಲಸು!"

ದನಿ ಮುಂದುವರಿಯಿತು. "ಹೊಳೆಯ ದಂಡೆಯಲ್ಲಿ ಒಂದು ಅರಳಿಯ ಮರವಿತ್ತು. ಆ ಮರದ ಕೆಳಗೆ..."

ಅಷ್ಟೇ. ನಿಂತುಹೋಯಿತು.

ಭಾವನ ಮುಖ ಬಿಳಿಚಿಕೊಂಡಿತು. ಓದುವ ಎಳೆ ಗುರುತಿಸುವ ಎಳೆಗೆ ಕಾಯುತ್ತ, ಅದು ಇದಕ್ಕೆ ಕಾಯುತ್ತ ಕೂತಿದ್ದವು. ಎರಡು ತಿಂಗಳ ದುಡಿಮೆ ಗುರುಗಳ ಎದುರಿಗೇ ಮಕಾಡೆ ಬಿದ್ದಿತ್ತು. ಭಾವ ಕೀಲಿಮಣೆಯತ್ತ ಕೈ ಚಾಚಿದರು.

"ಆ ಮರದ ಕೆಳಗೆ ದಾರಿಹೋಕರು ತಮ್ಮ ಬುತ್ತಿಯನ್ನು ಬಿಚ್ಚುತ್ತಿದ್ದರು."

ಹೇಳಿದ್ದು ಯಂತ್ರವಲ್ಲ, ಮಾಸ್ತರರು. ಆಮೇಲೆ ಮುಂದಿನ ಸಾಲು. ಅದರ ಮುಂದಿನದು. ಬೆನ್ನು ನೆಟ್ಟಗಾಯಿತು, ದನಿ ಏರಿತು, ಬಲಗೈ ಗಾಳಿಯಲ್ಲಿ ಸೀಮೆಸುಣ್ಣ ಹಿಡಿದಂತೆ ಓಡಾಡಿತು. ಇಡೀ ಪಾಠ, ಒಂದು ಅಕ್ಷರ ಬಿಡದೆ! ಚಹಾ ತಂದ ಸೊಸೆ ಬಾಗಿಲಲ್ಲೇ ನಿಂತರು. ಕಣ್ಣು ಹೋದ ಮೇಲೆ ಮಾಸ್ತರರು ಪಾಠದ ಮಾತೇ ಎತ್ತಿರಲಿಲ್ಲವೆಂದು ಅವರು ಆಮೇಲೆ ಹೇಳಿದರು.

"ಎಲ್ಲಾ ಒಳಗ ಐತಲ್ಲೋ!" ಎಂದರು ಮಾಸ್ತರರು, ಮುಗಿಸಿ. "ಹೋಗೇತಿ ಅನ್ಕೊಂಡಿದ್ದೆ."

ಕಾರಟಗಿಗೆ ಮರಳಿದ ಭಾವ ಆ ತಪ್ಪನ್ನು ಎರಡೇ ದಿನದಲ್ಲಿ ತಿದ್ದಿದರು. ಆದರೂ ಪರದೆ ಬಿಟ್ಟು ಏಳಲಿಲ್ಲ. ಇದ್ದ ಮೂರು ಎಳೆಗಳಿಗೆ ನಾಲ್ಕನೆಯದೊಂದನ್ನು ಸೇರಿಸುತ್ತಿದ್ದರು. ಅದಕ್ಕೆ ಇರುವುದು ಒಂದೇ ಕೆಲಸ, ಕೇಳಿಸಿಕೊಳ್ಳುವುದು. ಮಾಸ್ತರರು ಬಾಯಿ ತೆರೆದೊಡನೆ ಓದುವ ದನಿಯನ್ನು ಅದು ನಿಲ್ಲಿಸಬೇಕು. ಮೊದಮೊದಲು ಯಂತ್ರ ತನ್ನ ದನಿ ತಾನೇ ಕೇಳಿ, ತನಗೆ ತಾನೇ ಬಾಯಿ ಮುಚ್ಚಿಸಿಕೊಳ್ಳುತ್ತಿತ್ತು! ಯಾರ ದನಿ ಯಾರದೆಂದು ಅದಕ್ಕೆ ಕಲಿಸಲು ಇನ್ನೂ ಒಂದು ತಿಂಗಳು ಹಿಡಿಯಿತು.

ಮತ್ತೆ ಕುಷ್ಟಗಿಗೆ ಹೋದೆವು. ದನಿ ಓದುತ್ತಿತ್ತು. ನಡುವೆ ಮಾಸ್ತರರು, "ಬುತ್ತಿ ಅಂದ್ರ ಏನು ಗೊತ್ತೈತೇನು?" ಎಂದು ಶುರುಮಾಡಿದರು. ದನಿ ತಟ್ಟನೆ ನಿಂತಿತು. ಅವರು ಹೇಳುತ್ತಲೇ ಹೋದರು, ಬುತ್ತಿಯಿಂದ ರೊಟ್ಟಿಗೆ, ರೊಟ್ಟಿಯಿಂದ ತಮ್ಮ ಅಮ್ಮನಿಗೆ. ಯಂತ್ರ ಕಾಯುತ್ತಲೇ ಇತ್ತು.

"ಭಾಳ ಛಲೋ ಹುಡುಗಿ ಬಿಡು," ಎಂದರು ಮಾಸ್ತರರು ಕಡೆಗೆ. "ಹಿರೇರು ಮಾತಾಡಾಗ ಸುಮ್ಮನಿರ್ತಾಳ."

ಭಾವ ಚಾಪೆಯ ಮೇಲೆ ಕಾಲು ಮಡಚಿ, ಏಳನೇ ಇಯತ್ತೆಯ ಹುಡುಗನ ಹಾಗೆ ಕೂತಿದ್ದರು. ಹೊತ್ತಾಯಿತೆಂದು ನಾನು ಭುಜ ಮುಟ್ಟಿದೆ. ಅವರು ತಿರುಗದೆಯೇ ನನ್ನ ಕೈ ಹಿಡಿದು, ಕೆಳಗೆ ಎಳೆದು, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.