ಚಿಕ್ಕ ಸರ್ವೆಯರ್ ಗೆದ್ದ ಎರಡಡಿ

ಚಿಕ್ಕ ಸರ್ವೆಯರ್ ದೊಡ್ಡ ಸರ್ವೆಯರಿಗಿಂತ ಅರ್ಧ ಅಡಿ ಎತ್ತರವಿದ್ದ. ಆದರೂ ಬೀದಿಯವರು ಅವನನ್ನು ಚಿಕ್ಕವನೆಂದೇ ಕರೆಯುತ್ತಿದ್ದರು. ಇಬ್ಬರೂ ಷಡ್ಡಕರು. ಅಕ್ಕನನ್ನು ಮದುವೆಯಾದವನು ದೊಡ್ಡ ಸರ್ವೆಯರ್, ತಂಗಿಯನ್ನು ಮದುವೆಯಾದವನು ಚಿಕ್ಕ ಸರ್ವೆಯರ್. ಕೆಲಸ ಒಂದೇ ಕಚೇರಿಯಲ್ಲಿ, ಮನೆ ಪಕ್ಕಪಕ್ಕದಲ್ಲಿ. ಹೊಟ್ಟೆಕಿಚ್ಚು ಪಡುವುದಕ್ಕೆ ಇದಕ್ಕಿಂತ ಹೆಚ್ಚಿನ ಅನುಕೂಲ ಯಾರಿಗೂ ಬೇಕಾಗುವುದಿಲ್ಲ.

ಬೀದಿಯ ಮೂಲೆಯಿಂದ ನೋಡುತ್ತ ಬಂದರೆ ಮೊದಲು ಟೈಲರ್ ಮನೆ, ಆಮೇಲೆ ಮೇಷ್ಟ್ರ ಮನೆ, ನಂತರ ದೊಡ್ಡವನದು, ಕೊನೆಗೆ ಚಿಕ್ಕವನದು. ಅದರಾಚೆ ಚರಂಡಿ.

ಚಿಕ್ಕವನು ದೊಡ್ಡವನಿಗಿಂತ ಒಂದೇ ಒಂದು ವಿಷಯದಲ್ಲಿ ಮುಂದಿದ್ದ. ಅದು ಅವನ ಹೊಸ ಅಡುಗೆಮನೆ. ಷಡ್ಡಕನ ಮನೆಯವರಿಗೆ ಹಗಲೂ ರಾತ್ರಿ ಕಾಣಲಿ ಎಂದು ಅದನ್ನು ಅವರ ಕಡೆಯ ಗಡಿಗೆ ಅಂಟಿಸಿಯೇ ಕಟ್ಟಿಸಿದ್ದ. ಒಗ್ಗರಣೆಯ ವಾಸನೆ ನೇರ ಅವರ ಹಜಾರಕ್ಕೆ ಹೋಗಲಿ ಎಂದು ಒಲೆಯನ್ನು ಆ ಕಡೆಯ ಕಿಟಕಿಯ ಕೆಳಗೇ ಇಡಿಸಿದ್ದ. ಆದರೆ ಅದೇ ಕಿಟಕಿಯಿಂದ ಅವನ ಹೆಂಡತಿಗೂ ಆ ಮನೆ ಕಾಣುತ್ತಿತ್ತು. ಅದು ಅವನಿಗೆ ಮೊದಲೇ ಹೊಳೆದಿರಲಿಲ್ಲ.

ಅಂದು ಬೆಳಿಗ್ಗೆ ಅವಳು ಕಿಟಕಿಯಿಂದಲೇ ಶುರು ಮಾಡಿದಳು. “ಭಾವನ್ನ ನೋಡ್ರಿ, ಆಗಲೇ ಎದ್ದು ಗುಲಾಬಿಗೆ ನೀರು ಹಾಕ್ತಿದಾರೆ.”

“ನಮ್ಮನೇಲಿ ಗುಲಾಬಿ ಎಲ್ಲಿದೆ, ನಾನು ನೀರು ಹಾಕೋಕೆ?”

“ಅದನ್ನೇ ನಾನೂ ಹೇಳ್ತಿರೋದು.”

ಅವನು ಅರ್ಧ ಚಹಾ ಬಿಟ್ಟು ಕಚೇರಿಗೆ ಹೊರಟ. ಅಲ್ಲಿ ಅವನಿಗೊಂದು ಸಿಹಿ ಸುದ್ದಿ ಕಾದಿತ್ತು.

ಟೈಲರಿಗೂ ಮೇಷ್ಟ್ರಿಗೂ ನಡುವೆ ಎರಡು ಬಾಂದು ಕಲ್ಲುಗಳಿದ್ದವು. ಗಡಿ ತೋರಿಸಲು ಒಂದು ಸಾಕು, ಇಲ್ಲಿ ಎರಡಡಿ ಅಂತರದಲ್ಲಿ ಎರಡು. ಮೇಷ್ಟ್ರ ಮನೆಗೆ ಹತ್ತಿರದ ಕಲ್ಲು ಸರಿ ಎಂದು ಟೈಲರ್, ಟೈಲರ್ ಮನೆಗೆ ಹತ್ತಿರದ್ದು ಸರಿ ಎಂದು ಮೇಷ್ಟ್ರು. ದೊಡ್ಡವನು ಹೋಗಿ ಅಳೆದು ಮೇಷ್ಟ್ರ ಮಾತೇ ಸರಿ ಎಂದಿದ್ದ. ಮೇಷ್ಟ್ರು ಅಲ್ಲಿ ಗೋಡೆ ಎಬ್ಬಿಸಲು ಶುರು ಮಾಡಿದ್ದರು. ಟೈಲರ್ ಮರು ಅಳತೆಗೆ ಅರ್ಜಿ ಕೊಟ್ಟಿದ್ದ.

“ನಿನ್ನ ಷಡ್ಡಕ ಅಳೆದದ್ದನ್ನ ನೀನು ತಪ್ಪೋ ಸರಿಯೋ ನೋಡ್ಬೇಕು. ಮುಜುಗರ ಆಗುತ್ತೇನಯ್ಯ?” ಎಂದರು ಸಾಹೇಬರು.

“ಮುಜುಗರ ಏನು ಸಾರ್, ಕರ್ತವ್ಯ,” ಎಂದ ಚಿಕ್ಕವನು. ಮುಖ ಗಂಭೀರವಾಗಿಟ್ಟುಕೊಳ್ಳಲು ಕೆನ್ನೆಯ ಒಳಭಾಗ ಕಚ್ಚಿಕೊಳ್ಳಬೇಕಾಯಿತು.

“ನಿಮ್ಮನೇನೂ ಅದೇ ಸಾಲಲ್ಲಿದೆ ಅಲ್ವಾ?”

“ನಮ್ಮದು ಕೊನೇ ಮನೆ ಸಾರ್. ಜಗಳ ಮೊದಲನೇದರದ್ದು. ಏನೂ ಸಂಬಂಧ ಇಲ್ಲ.”

ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಒಂದೇ ದೃಶ್ಯ. ದೊಡ್ಡವನು ಎಲ್ಲರೆದುರು ನಿಂತು, “ಅಳತೆ ನಿನ್ನದೇ ಸರಿ,” ಎಂದು ಒಪ್ಪಿಕೊಳ್ಳಬೇಕು. ಹೆಂಡತಿ ಅದನ್ನು ಕೇಳಬೇಕು. ಬಡ್ತಿ ಬೇಡ, ಬಹುಮಾನ ಬೇಡ. ಅದೊಂದು ಮಾತು ಸಾಕು.

ಆದರೆ ಆ ಸಾಲಿನ ಮನೆಗಳಿಗೆಲ್ಲ ಅಳತೆ ಶುರುವಾಗುವ ಬೀದಿಯ ಮೂಲೆ ಕಲ್ಲಿನಿಂದ ಟೇಪು ಎಳೆದಾಗ ಅವನ ಆಸೆ ಕುಸಿಯಿತು. ಒಂದು ತುದಿ ಟೈಲರ್ ಹಿಡಿದಿದ್ದ, ಇನ್ನೊಂದನ್ನು ಮೇಷ್ಟ್ರು. ಇಬ್ಬರೂ ತಮ್ಮ ತಮ್ಮ ಕಡೆಗೆ ಜಗ್ಗಿ ಜಗ್ಗಿ ಟೇಪು ತಂತಿವಾದ್ಯದಂತೆ ಮಿಡಿಯುತ್ತಿತ್ತು. ಆದರೂ ಅಳತೆ ನೇರ ಮೇಷ್ಟ್ರು ಹೇಳಿದ ಕಲ್ಲಿಗೇ ಬಂದು ನಿಂತಿತು. ಮತ್ತೊಮ್ಮೆ ಅಳೆದ. ಮತ್ತೆ ಅಲ್ಲಿಗೇ.

“ದೊಡ್ಡವರು ಅಳೆದ ಮೇಲೆ ಮುಗೀತು ಕಣಪ್ಪ. ಅವರ ಕೈಲಿ ಟೇಪು ಸುಳ್ಳು ಹೇಳಲ್ಲ,” ಎಂದರು ಮೇಷ್ಟ್ರು.

ಚಿಕ್ಕವನು ಟೇಪು ಸುತ್ತಿಕೊಂಡ. ಹೋಗಿ ಮೂಲೆಯಲ್ಲಿದ್ದ ಹಣ್ಣಿನ ಗಾಡಿಯ ನೆರಳಲ್ಲಿ ಕುಕ್ಕರಿಸಿದ.

ಗಾಡಿಯವನು ಒಂದು ಕಿತ್ತಳೆ ಕೊಟ್ಟ. “ದೊಡ್ಡ ಸಾರೂ ಇಲ್ಲೇ ಕೂತಿದ್ರು, ಹೀಗೇ ತಲೆ ಮೇಲೆ ಕೈ ಹೊತ್ಕೊಂಡು. ಆಮೇಲೆ ಬೆರಳಲ್ಲಿ ಅದೇನೋ ಎಣಿಸಿದ್ರು. ನಕ್ಕೊಂಡು ಎದ್ದು ಹೋದ್ರು.”

“ತಿನ್ನೋಕೆ ಬಂದಿರ್ತಾನೆ,” ಎಂದ ಚಿಕ್ಕವನು. ಅಷ್ಟರಲ್ಲಿ ಅವನ ಕಣ್ಣು ಗಾಡಿಯ ಚಕ್ರದ ಮೇಲೆ ಬಿತ್ತು. ಅದು ಜಾರದಂತೆ ಒರಗಿ ನಿಂತಿದ್ದದ್ದು ಬೇರೆ ಯಾವುದಕ್ಕೂ ಅಲ್ಲ, ಬೀದಿಯ ಮೂಲೆ ಕಲ್ಲಿಗೇ.

“ಕಲ್ಲು ನಿನ್ನ ಚಕ್ರಕ್ಕೆ ಹೇಳಿ ಮಾಡಿಸಿದ ಹಾಗಿದೆಯಲ್ಲೋ.”

“ನಮ್ಮಪ್ಪ ಸರಿಸಿದ್ದು ಸಾರ್. ಆಗ ಟೈಲರ್ ಮನೆ ಬಿಟ್ರೆ ಇಲ್ಲಿ ಬೇರೆ ಮನೇನೇ ಇರಲಿಲ್ಲ. ಮೊದಲು ಕಲ್ಲು ಅಲ್ಲಿತ್ತು, ಗಾಡಿ ಇಲ್ಲಿ ಜಾರ್ತಿತ್ತು.”

ಚಿಕ್ಕವನ ಕೈಯಿಂದ ಕಿತ್ತಳೆ ಉರುಳಿತು. ಹಳೆಯ ಕಾಲದಲ್ಲಿ ಬಾಂದು ಕಲ್ಲು ನೆಡುವಾಗ ಅದರಡಿ ಇದ್ದಿಲು ಹಾಕುತ್ತಿದ್ದರು. ಕಲ್ಲನ್ನು ಯಾರಾದರೂ ಸರಿಸಬಹುದು, ನೆಲದೊಳಗಿನ ಇದ್ದಿಲು ಅಲ್ಲೇ ಉಳಿಯುತ್ತದೆ. ಅವನು ಗಾಡಿಯವನು ತೋರಿಸಿದ ಕಡೆ ಮೊಣಕಾಲೂರಿ ಅಗೆಯತೊಡಗಿದ. ಮಣ್ಣು ಬೆಣ್ಣೆಯಂತೆ ಸಡಿಲವಾಗಿತ್ತು. ನನ್ನ ಅದೃಷ್ಟ ಎಂದುಕೊಂಡ. ಮೊಳದಾಳ ಅಗೆಯುವುದರೊಳಗೆ ಇದ್ದಿಲು ಸಿಕ್ಕಿತು. ಈಗಿನ ಕಲ್ಲಿನಿಂದ ಸರಿಯಾಗಿ ಎರಡಡಿ, ಮನೆಗಳ ದಿಕ್ಕಿಗೆ.

ಹಣೆಗೂ ಮೂಗಿಗೂ ಮಸಿ ಬಳಿದುಕೊಂಡು ಅವನು ಬೀದಿಯಲ್ಲಿ ಓಡಿ ಬಂದದ್ದನ್ನು ನೋಡಿ ಮೇಷ್ಟ್ರು ಯಾರ ಮನೆಗೋ ಬೆಂಕಿ ಬಿದ್ದಿದೆ ಎಂದೇ ತಿಳಿದರು.

ಹೊಸ ಅಳತೆ ಟೈಲರ್ ಹೇಳಿದ ಕಲ್ಲಿಗೇ ಬಂತು. ಆ ಮನೆಯೊಂದೇ ಕಲ್ಲು ಸರಿಯುವ ಮುಂಚಿನದು. ಉಳಿದವರೆಲ್ಲ ಸರಿದ ಕಲ್ಲಿನಿಂದ ಅಳೆದು ಕಟ್ಟಿಸಿದವರು. ಚಿಕ್ಕವನು ಅಲ್ಲೇ ನಿಂತು ಮಹಜರು ಬರೆದು, ಸುತ್ತ ನೆರೆದವರ ಸಹಿ ಹಾಕಿಸಿದ. ದೊಡ್ಡವನಿಗೂ ಹೇಳಿ ಕಳಿಸಿದ.

ದೊಡ್ಡವನು ಬಂದ. ಮಹಜರು ಓದಿದ. ಷಡ್ಡಕನ ಮಸಿ ಮುಖ ನೋಡಿದ. “ತಮ್ಮಾ, ಇದು ಇಷ್ಟಕ್ಕೇ ಇರಲಿ. ಸಂಜೆ ಕೂತು ಮಾತಾಡೋಣ,” ಎಂದ.

“ಮಾತೇನಿದೆ ಅಣ್ಣಾ? ಇದ್ದಿಲೇ ಮಾತಾಡ್ತಿದೆ.”

ಟೈಲರ್ ಚಪ್ಪಾಳೆ ತಟ್ಟಿದ. ಮೇಷ್ಟ್ರು ಮಾತ್ರ ಗಾಳಿಯಲ್ಲಿ ಬೆರಳಾಡಿಸುತ್ತ ಲೆಕ್ಕ ಹಾಕುತ್ತಿದ್ದರು. “ಟೈಲರ್ ನನ್ನ ಕಡೆಗೆ ಎರಡಡಿ ಬಂದ. ಹಾಗಾದ್ರೆ ನಾನೂ ಆ ಕಡೆಗೆ ಎರಡಡಿ ಹೋಗ್ಬೇಕಲ್ಲಪ್ಪ?”

ಆ ಕಡೆಗೆ ಎಂದರೆ ದೊಡ್ಡವನ ಗುಲಾಬಿ ಗಿಡಗಳ ಮೇಲೆ. ಚಿಕ್ಕವನಿಗೆ ಎರಡನೇ ಸಲ ಊಟಕ್ಕೆ ಕರೆದಂತಾಯಿತು.

“ಖಂಡಿತ ಮೇಷ್ಟ್ರೇ. ನ್ಯಾಯ ಅಂದ್ಮೇಲೆ ಎಲ್ರಿಗೂ ಒಂದೇ.” ತಾನೇ ಹೋಗಿ ಗುಲಾಬಿಗಳ ನಡುವೆ ಗೂಟ ಹೊಡೆದ. ಬೆಳಿಗ್ಗೆ ನೀರು ಕುಡಿದ ನೆಲ, ಗೂಟ ಸಲೀಸಾಗಿ ಇಳಿಯಿತು. ದೊಡ್ಡವನು ಬಗ್ಗಿ, ಗೂಟಕ್ಕೆ ಸಿಕ್ಕಿದ್ದ ಒಂದು ಟೊಂಗೆ ಬಿಡಿಸಿದ.

ದೊಡ್ಡವನ ಹೆಂಡತಿ ಮಾತ್ರ ಸುಮ್ಮನಿರುವವಳಲ್ಲ. “ನಮ್ಮದು ಎರಡಡಿ ಹೋಯ್ತು, ಸರಿ. ಈಗ ಈ ಕಡೆಯಿಂದ ನಮಗೆಷ್ಟು ಬರುತ್ತೆ?” ಎಂದು ಕೇಳಿದಳು.

“ಯಾವ ಕಡೆಯಿಂದ ಅತ್ತಿಗೆ?” ಎಂದ ಚಿಕ್ಕವನು. ಕೇಳುತ್ತಿದ್ದಂತೆಯೇ ಅವನ ಕಣ್ಣು ತನ್ನ ಅಡುಗೆಮನೆಯ ಕಡೆ ಹೊರಳಿತು.

ಉತ್ತರಕ್ಕೆ ಯಾರೂ ಕಾಯಲಿಲ್ಲ. ಇಷ್ಟು ಹೊತ್ತು ಜಗ್ಗಾಡಿದ ಟೈಲರ್ ಮತ್ತು ಮೇಷ್ಟ್ರು ಈಗ ಅಣ್ಣತಮ್ಮಂದಿರಂತೆ ಟೇಪು ಹಿಡಿದು ಮುಂದೆ ನಡೆದಿದ್ದರು. ಗಡಿಯಲ್ಲಿ ಅಡುಗೆಮನೆಯ ಗೋಡೆ ಅಡ್ಡ ಬಂತು. ಟೈಲರ್ ಕಿಟಕಿಯೊಳಗಿಂದ ಟೇಪಿನ ತುದಿ ತೂರಿಸಿದ.

“ಏನ್ರೀ ಇದು, ಬಾಣಲೆಯೊಳಗೆ ಟೇಪು ಬಿಡ್ತಿದೀರಾ?” ಒಳಗಿಂದ ಚಿಕ್ಕವನ ಹೆಂಡತಿಯ ದನಿ.

“ಬಾಣಲೆ ಎಲ್ಲಿದೆ ತಾಯಿ?”

“ಒಲೆ ಮೇಲೆ, ಇನ್ನೆಲ್ಲಿರುತ್ತೆ?”

“ಹಾಗಾದ್ರೆ ಒಲೆ ಪೂರ್ತಿ ನಿಮ್ಮಕ್ಕನ ಜಾಗದಲ್ಲಿದೆ,” ಎಂದ ಟೈಲರ್, ಬಟ್ಟೆ ಅಳೆದಷ್ಟೇ ನಿರಾಳವಾಗಿ.

ಮೇಷ್ಟ್ರು ಚಿಕ್ಕವನ ಹೆಗಲು ತಟ್ಟಿದರು. “ಬೇಜಾರು ಮಾಡ್ಕೋಬೇಡ. ನಿನಗೂ ಆ ಕಡೆ ಎರಡಡಿ ಸಿಗುತ್ತಲ್ಲ.”

ಆ ಕಡೆ ಚರಂಡಿ ತಣ್ಣಗೆ ಹರಿಯುತ್ತಿತ್ತು.

ಸಂಜೆ ಚಿಕ್ಕವನು ತನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ. ಮುಖದ ಮಸಿ ಇನ್ನೂ ತೊಳೆದಿರಲಿಲ್ಲ. ಹೆಂಡತಿ ಮಾತಾಡುತ್ತಿರಲಿಲ್ಲ, ಪಾತ್ರೆಗಳು ಅವಳ ಪರವಾಗಿ ಮಾತಾಡುತ್ತಿದ್ದವು. ಆಗ ದೊಡ್ಡವನು ಬಂದ.

“ಅಡುಗೆಮನೆ ಕೆಡವೋದೇನೂ ಬೇಡ ತಮ್ಮಾ. ಹೀಗೇ ಇರಲಿ. ಜಾಗ ನಮ್ಮದು, ಅಡುಗೆ ನಿಮ್ಮದು.”

ಚಿಕ್ಕವನಿಗೆ ಬೈಗುಳ ತಿಂದಿದ್ದರೆ ಇದಕ್ಕಿಂತ ಹಿತವಾಗಿರುತ್ತಿತ್ತು. “ನಿಮಗೂ ಆ ಇದ್ದಿಲು ಕಣ್ಣಿಗೆ ಬೀಳಲಿಲ್ಲವಲ್ಲ ಅಣ್ಣಾ,” ಎಂದ, ಉಳಿದಿದ್ದ ಒಂದೇ ಬಾಣ ಬಿಡುತ್ತ.

“ಬಿದ್ದಿತ್ತಪ್ಪ. ಅಗೆದು ನೋಡಿದೆ. ಆಮೇಲೆ ಕೂತು ಎಣಿಸಿದೆ. ಟೈಲರ್, ಮೇಷ್ಟ್ರು, ನಾನು, ನೀನು. ನಿನ್ನ ಒಲೆಗೆ ಬಂದು ನಿಂತಿತು. ನಗು ಬಂತು, ಮಣ್ಣು ಮುಚ್ಚಿ ಬಂದುಬಿಟ್ಟೆ. ಟೈಲರಿಗೆ ಮೋಸ ಆಯ್ತು ಅಂತ ಒಂದು ಚುಚ್ಚು ಇತ್ತು. ಬೇಡದಿದ್ರೂ ನಾಲ್ಕು ಶರ್ಟು ಹೊಲಿಯೋಕೆ ಕೊಟ್ಟಿದ್ದೆ.”

ಪಾತ್ರೆಗಳ ಸದ್ದು ನಿಂತಿತು. ಚಿಕ್ಕವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. “ಕೇಳಿಸ್ಕೊಂಡ್ರಾ? ಗೊತ್ತಿದ್ದೂ ಸುಮ್ಮನಿದ್ರಂತೆ. ನಮಗೋಸ್ಕರ.”

“ಇರಲಿ ಬಿಡಮ್ಮ,” ಎಂದ ದೊಡ್ಡವನು. “ನಾಳೆ ಸಾಹೇಬ್ರ ಹತ್ರ ನಾನೇ ತಪ್ಪು ಒಪ್ಕೋತೀನಿ. ಏನೇ ಹೇಳು ತಮ್ಮಾ, ಅಳತೆ ಮಾತ್ರ ನಿನ್ನದೇ ಸರಿ.”

ಇಷ್ಟು ವರ್ಷ ಕಾದಿದ್ದ ಮಾತು. ಹೆಂಡತಿಯ ಎದುರಿಗೇ ಬಂದಿತ್ತು. ಅವಳು ಕೇಳಿಸಿಕೊಳ್ಳಲೇ ಇಲ್ಲ. ಚಹಾಕ್ಕೆ ನೀರಿಟ್ಟು, “ಭಾವ ಆಗಿನಿಂದ ನಿಂತೇ ಇದಾರೆ, ಒಂದು ಕುರ್ಚಿ ಹಾಕ್ರಿ,” ಎಂದಳು.

ಚಿಕ್ಕವನು ಹಜಾರದಿಂದ ಕುರ್ಚಿ ಹೊತ್ತು ತಂದ. “ಎಲ್ಲಿ ಹಾಕ್ಲಿ?”

“ಒಲೆ ಪಕ್ಕ ಹಾಕಿ. ಅವರ ಜಾಗದಲ್ಲಿ ಅವರು ಕೂತ್ಕೊಳ್ಲಿ.”

ಅವನು ಹಾಕಿದ. ಟೇಪು ಬೇಕಾಗಲಿಲ್ಲ. ಎರಡಡಿ ಎಲ್ಲಿಗೆ ಮುಗಿಯುತ್ತದೆ ಎಂದು ಆ ಮನೆಯಲ್ಲಿ ಅವನಷ್ಟು ಕರಾರುವಾಕ್ಕಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.