ಕೆಂಪು ಕಾರಿನಲ್ಲಿ ಆರು ದಿನ

ಯಾರಾದರೂ ಫೋನ್ ಮಾಡಿ "ಹೇಗಿದ್ದೀರಿ, ಆರೋಗ್ಯವಾ?" ಎಂದು ಕೇಳಿದರೆ ಸಾಕು, ಮೇಸ್ತ್ರಿಗಳಿಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಆ ಪ್ರಶ್ನೆಗೆ ಅವರು ಕೊಡುವ ಉತ್ತರವನ್ನು ಇಪ್ಪತ್ತೇಳು ವರ್ಷಗಳಲ್ಲಿ ಒಬ್ಬರೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ. "ಹಾಂ, ಸೊಂಟ ಒಂದು ಸ್ವಲ್ಪ..." ಎಂದು ಇವರು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ, "ಅಂದ ಹಾಗೆ, ಭಾನುವಾರ ಲಾರಿ ಖಾಲಿ ಇದೆಯಾ?" ಎಂಬ ಮಾತು ಬಂದುಬಿಡುತ್ತಿತ್ತು. ಸೊಂಟದ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಭಾನುವಾರ ಅದೇ ಸೊಂಟದ ಮೇಲೆ ಯಾರದೋ ಮಂಚ ಮಹಡಿಯಿಂದ ಇಳಿಯುತ್ತಿತ್ತು.

ಮೇಸ್ತ್ರಿಗಳು ಮರದ ಕಪಾಟು, ಮಂಚ, ಮೇಜು ಮಾಡುವವರು. ಮಾಡಿದ್ದನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಇಪ್ಪತ್ತೇಳು ವರ್ಷದಿಂದ ಒಂದು ಪುಟ್ಟ ಲಾರಿ ಇಟ್ಟಿದ್ದರು. ಅದರ ಬಣ್ಣ ಒಂದು ಕಾಲಕ್ಕೆ ನೀಲಿ. ಮೂರನೇ ಗೇರು ಬೀಳಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ಗೇರಿನ ಕೋಲನ್ನು ತುಸು ಎಡಕ್ಕೆ ವಾಲಿಸಿ, ಬಾಯಲ್ಲಿ "ಬಾ ತಾಯೀ" ಅನ್ನಬೇಕು. ಈ ವಿದ್ಯೆ ಗೊತ್ತಿದ್ದದ್ದು ಜಗತ್ತಿನಲ್ಲಿ ಇಬ್ಬರಿಗೇ, ಮೇಸ್ತ್ರಿಗಳಿಗೆ ಮತ್ತು ಅವರ ಹೆಂಡತಿಗೆ. (ನಾದಿನಿಯ ಗಂಡ, ಅಂದರೆ ಅವರ ಷಡ್ಡಕ, ಒಮ್ಮೆ "ತಾಯಿ ಗೀಯಿ ಎಲ್ಲ ಯಾಕೆ" ಎಂದು ಬರೀ ಕೈಬಲದಿಂದ ಹಾಕಲು ಹೋಗಿ ಬೀದಿಯ ಅಂಚೆ ಡಬ್ಬಿಯನ್ನು ಬುಡಸಮೇತ ಕಿತ್ತಿದ್ದ. ಅಂದಿನಿಂದ ಅವನಿಗೆ ಸ್ಟಿಯರಿಂಗ್ ಮುಟ್ಟಲು ಬಿಡುವವರಿಲ್ಲ.)

ಸಾಮಾನು ಏರಿಸುವುದರಲ್ಲಿ ಮೇಸ್ತ್ರಿಗಳದು ಒಂದು ಶಾಸ್ತ್ರವೇ ಇತ್ತು. ಪ್ರತಿಯೊಂದಕ್ಕೂ ಮೊದಲು ಕಂಬಳಿ ಸುತ್ತಬೇಕು. ಆಮೇಲೆ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಣದ ಗುರುತು, ತಲೆ ಯಾವ ಕಡೆ ಅಂತ. ಒಡೆಯುವ ಸಾಮಾನಾದರೆ ಬಾಣದ ಸುತ್ತ ಒಂದು ಸೊನ್ನೆ. ಎತ್ತುವಾಗ "ಮೂಲೆ ನೋಡಿ, ಮೂಲೆ" ಎಂಬ ಮಂತ್ರ ನಿಲ್ಲಬಾರದು. ತಮ್ಮ ಕೈಯಲ್ಲಿ ಒಂದು ಮೂಲೆಯೂ ಇದುವರೆಗೆ ಗೋಡೆಗೆ ತಾಗಿಲ್ಲ ಎಂಬುದೇ ಅವರ ದೊಡ್ಡ ಹೆಮ್ಮೆ.

ಇಂಥ ಮನುಷ್ಯ, ಐವತ್ತೆರಡನೇ ವಯಸ್ಸಿನಲ್ಲಿ, ಹಲ್ಲಿನ ಡಾಕ್ಟರ ಆಸ್ಪತ್ರೆಗೆ ಬೆಂಚು ಕೂರಿಸಲು ಹೋಗಿ ಮರುಳಾಗಿ ವಾಪಸ್ಸು ಬಂದರು. ಅಂಗಳದಲ್ಲಿ ಡಾಕ್ಟರ ಕಾರು ನಿಂತಿತ್ತು. ಕೆಂಪು, ಚಪ್ಪಟೆ, ಮೇಲೆ ಚಾವಣಿ ಇಲ್ಲ, ಎರಡೇ ಸೀಟು.

"ನಿಮ್ಮ ಪುಣ್ಯ ಡಾಕ್ಟ್ರೇ. ಈ ಕಾರಿನವರನ್ನ ಯಾರೂ ಮಂಚ ಸಾಗ್ಸೋಕೆ ಕರೆಯಲ್ಲ" ಎಂದರು ಮೇಸ್ತ್ರಿಗಳು.

"ಯಾವುದಕ್ಕೂ ಕರೆಯಲ್ಲ" ಎಂದರು ಡಾಕ್ಟರು. ಅವರು ಒಂಟಿ ಜೀವ. ಎರಡನೇ ಸೀಟಿನಲ್ಲಿ ಇದುವರೆಗೆ ಕೂತಿದ್ದು ಅವರ ಊಟದ ಡಬ್ಬಿ ಮಾತ್ರ. "ಎಲ್ಲರೂ ಕಾರನ್ನ ನೋಡ್ತಾರೆ, ಹೋಗ್ತಾರೆ. ನಿಮಗೇನಪ್ಪಾ, ಭಾನುವಾರವೂ ಪುರುಸೊತ್ತಿಲ್ಲ, ಮನೆತುಂಬ ಜನ. ಬದಲಾಯಿಸ್ಕೊಳ್ಳೋಣ ಅಂದ್ರೆ ನಾನು ಇವತ್ತೇ ತಯಾರು."

ಮೇಸ್ತ್ರಿಗಳು ಜೇಬಿನಿಂದ ಟೇಪು ತೆಗೆದು ಕಾರನ್ನು ಉದ್ದಗಲ ಅಳೆದರು. ಡಿಕ್ಕಿ ಅಳೆದರು, ಬಾಗಿಲು ಅಳೆದರು. ಸೀಟು ನೆಲದಿಂದ ಎಷ್ಟು ಎತ್ತರ ಎಂಬುದನ್ನು ಮಾತ್ರ ಅಳೆಯಲಿಲ್ಲ. ತಗ್ಗು ಸೋಫಾ ಬೇಕೆಂದು ಕೇಳುವ ಗಿರಾಕಿಗಳಿಗೆ, "ಹದಿನೆಂಟು ಇಂಚಿಗಿಂತ ಕೆಳಗೆ ನಾನು ಮಾಡಲ್ಲ" ಎಂದು ಗದರಿಸಿ ಕಳಿಸುತ್ತಿದ್ದ ಅದೇ ಮನುಷ್ಯ. ಪ್ರೀತಿ ಅಂದರೆ ಹಾಗೆ ನೋಡಿ, ಟೇಪು ಕೈಯಲ್ಲೇ ಇರುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ.

"ಕೂರೋಕೆ ಕಷ್ಟವಾ?" ಎಂದು ಕೇಳಿದ್ದೇನೋ ಹೌದು.

"ಕೂರೋದು ಸುಲಭ" ಎಂದು ಡಾಕ್ಟರು ಎತ್ತಲೋ ನೋಡುತ್ತ ಹೇಳಿದರು.

ಮನೆಯಲ್ಲಿ ವಿಷಯ ಎತ್ತಿದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಲಾರಿ ಕೊಟ್ಟು ಕಪಾಟು ಹೇಗ್ರೀ ಸಾಗಿಸ್ತೀರಾ? ತಲೆ ಮೇಲೆ ಹೊತ್ಕೊಂಡಾ?"

"ಬಾಡಿಗೆ ಗಾಡಿ ಇಲ್ವಾ?"

"ಬಾಡಿಗೆಯವನು ಒಂದು ಮೂಲೆ ಗೋಡೆಗೆ ತಾಗಿಸ್ತಾನೆ. ನೀವು ಒಂದು ವಾರ ಅನ್ನ ನೀರು ಬಿಟ್ಟು ಗೋಡೆ ಕಡೆ ತಿರುಗಿ ಮಲಗ್ತೀರಾ. ಸಮಾಧಾನ ಮಾಡೋಳು ಯಾರು, ನಾನು."

"ಎರಡೇ ಸೀಟು ಕಣೇ ಅದಕ್ಕೆ. ನೀನು, ನಾನು. ಹಿಂದೆ ಯಾರ ಮಂಚವೂ ಇರಲ್ಲ."

"ಹೋಗಿ ಹೋಗಿ, ಈ ವಯಸ್ಸಲ್ಲಿ ನಾನು ಚಾವಣಿ ಇಲ್ಲದ ಕಾರಲ್ಲಿ ತಲೆಗೂದಲು ಹಾರಿಸ್ಕೊಂಡು ಹೋಗ್ಲಾ? ನೋಡಿದೋರು ಏನಂದಾರು?"

ಮೇಸ್ತ್ರಿಗಳ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು.

"ಈ ಜನ ನನ್ನನ್ನ ಕರೀತಾರೋ, ಲಾರೀನ ಕರೀತಾರೋ, ಅದು ಒಂದು ಸಲ ಗೊತ್ತಾಗ್ಬೇಕು ನಂಗೆ. ಲಾರಿ ಇಲ್ಲದಿದ್ರೆ ಒಬ್ಬನಾದ್ರೂ ಫೋನ್ ಮಾಡ್ತಾನಾ?"

ಹೆಂಡತಿಯ ಕೈ ಆಗ ನಿಂತಿತು. ಅವಳು ಅವರ ಮುಖವನ್ನೇ ನೋಡಿದಳು. ಮತ್ತೆ ಮಡಚಲು ಶುರು ಮಾಡಿದಾಗ ದನಿ ಇಳಿದಿತ್ತು. "ಒಂದು ವಾರ ಬದಲಾಯಿಸ್ಕೊಂಡು ನೋಡಿ. ಈ ಭಾನುವಾರದಿಂದ ಬರೋ ಭಾನುವಾರದವರೆಗೆ. ಆಮೇಲೆ ಲಾರಿನೋ ಕಾರೋ ನೀವೇ ಹೇಳಿ. ನಾನು ಅಡ್ಡ ಬರಲ್ಲ."

ಭಾನುವಾರ ಅದಲು ಬದಲು ಆಯಿತು. ಮೇಸ್ತ್ರಿಗಳು ಕಾರಿನ ಜೊತೆಗೆ ಒಂದು ಕಪ್ಪು ಕನ್ನಡಕವನ್ನೂ ಕೊಂಡು ತಂದರು. ಮೊದಲ ದಿನದ ವೈಭವ ಏನು ಹೇಳುವುದು. ಸಿಗ್ನಲ್ಲಿನಲ್ಲಿ ಜನ ಕಣ್ಣು ಬಾಯಿ ಬಿಟ್ಟು ನೋಡಿದರು, ಪೊಲೀಸಿನವನು ಕೂಡ ಸಲಾಮು ಹೊಡೆಯುವುದೋ ಬೇಡವೋ ಎಂಬಂತೆ ಕೈಯನ್ನು ಅರ್ಧಕ್ಕೆ ಎತ್ತಿದ. ಇಳಿಯುವಾಗ ಮಾತ್ರ ಬಾಗಿಲು ಹಿಡಿದು, ಒಂದು ಕಾಲು ಹೊರಗಿಟ್ಟು, ಉಸಿರು ಬಿಗಿಹಿಡಿದು, "ಉಶ್ಶಪ್ಪಾ" ಎಂದು ಮೇಲಕ್ಕೆ ಬರಬೇಕಾಗುತ್ತಿತ್ತು. ರೂಢಿಯಾದರೆ ಸರಿಹೋಗುತ್ತದೆ ಎಂದುಕೊಂಡರು.

ಸೋಮವಾರ ಫೋನ್ ಬರಲಿಲ್ಲ. ಮಂಗಳವಾರ ಗಿರಾಕಿಯೊಬ್ಬರ ಸ್ಟೂಲನ್ನು ಪಕ್ಕದ ಸೀಟಿನಲ್ಲಿ ತಲೆಕೆಳಗಾಗಿ ಕೂರಿಸಿ, ಬೆಲ್ಟು ಬಿಗಿದು ಒಯ್ದರು. ನೋಡಿದವರಿಗೆ ಮೇಸ್ತ್ರಿಗಳು ನಾಲ್ಕು ಕಾಲಿನ ಯಾರನ್ನೋ ತಿರುಗಾಡಿಸಲು ಕರೆದೊಯ್ಯುತ್ತಿರುವಂತೆ ಕಾಣುತ್ತಿತ್ತು. ಅಂದೂ ಫೋನ್ ಇಲ್ಲ. ಬುಧವಾರ, ಕೆಟ್ಟು ಗಿಟ್ಟು ಹೋಗಿದೆಯೇನೋ ಎಂಬ ಅನುಮಾನದಿಂದ, ಪಕ್ಕದ ಅಂಗಡಿಯ ಫೋನಿನಿಂದ ತಮ್ಮ ಜೇಬಿನ ಫೋನಿಗೆ ತಾವೇ ಮಾಡಿದರು. ಅದು ಖಣಖಣ ಹೊಡೆದುಕೊಂಡಿತು. ಎತ್ತಿಕೊಂಡು "ಹಲೋ" ಅಂದರು. ಅವರು ಹೇಗಿದ್ದಾರೆ ಎಂದು ಕೇಳಲು ಆ ಕಡೆ ಯಾರೂ ಇರಲಿಲ್ಲ.

ಹೆಂಡತಿಯೂ ಕಾರು ಹತ್ತಲಿಲ್ಲ. ಕರೆದಾಗಲೆಲ್ಲ "ನಂಗೆ ಕೆಲಸ ಇದೆ" ಎಂದು ಬ್ಯಾಗು ಹೆಗಲಿಗೇರಿಸಿ ಎಲ್ಲಿಗೋ ಹೊರಟುಬಿಡುತ್ತಿದ್ದಳು. ಶುಕ್ರವಾರ ಇನ್ನೊಂದು ಪೆಟ್ಟು ಬಿತ್ತು. ಎದುರುಮನೆಯ ಟೈಲರು ಹೊಲಿಗೆ ಯಂತ್ರ ಸಾಗಿಸಲು ವರ್ಷಕ್ಕೆ ಎರಡು ಸಲ ಲಾರಿ ಕೇಳುವ ಆಸಾಮಿ. ಬೀದಿಯಲ್ಲಿ ಮೇಸ್ತ್ರಿಗಳನ್ನು ಕಂಡದ್ದೇ ತಡ, ಮುಖ ತಿರುಗಿಸಿಕೊಂಡು ಅಂಗಡಿಯೊಳಗೆ ನುಗ್ಗಿಬಿಟ್ಟ. ಮೇಸ್ತ್ರಿಗಳಿಗೆ ತಾವು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಪ್ಪತ್ತೇಳು ವರ್ಷ ಜನ ಲಾರಿಯನ್ನು ಕರೆದಿದ್ದರು, ಲಾರಿಯ ಜೊತೆಗೆ ಇವರೂ ಬರುತ್ತಿದ್ದರು, ಅಷ್ಟೇ.

ಶನಿವಾರ ಬೆಳಿಗ್ಗೆ ಬೇಸರ ಕಳೆಯಲು ಸುಮ್ಮನೆ ಒಂದು ಸುತ್ತು ಹೊರಟವರು ನಾದಿನಿಯ ಮನೆಯ ಬೀದಿಗೆ ತಿರುಗಿದರು. ತಿರುಗಿದವರು ಗಕ್ಕನೆ ಬ್ರೇಕ್ ಒತ್ತಿದರು. ಅವಳ ಮನೆಯ ಮುಂದೆ ಅವರದೇ ಲಾರಿ. ಮನೆಯ ಸಾಮಾನೆಲ್ಲ ಬೀದಿಯಲ್ಲಿ. ಹಲ್ಲಿನ ಡಾಕ್ಟರು ಅಂಗಿಯ ತೋಳು ಮಡಚಿ, ಮೈಯೆಲ್ಲ ಧೂಳಾಗಿ, ಷಡ್ಡಕನ ಜೊತೆ ಕಪಾಟು ಹೊರುತ್ತಿದ್ದಾರೆ. ಮುಖ ಇಷ್ಟಗಲ ಅರಳಿದೆ. ಟೈಲರು ಕನ್ನಡಿ ಹಿಡಿದು ನಿಂತಿದ್ದಾನೆ. ನಾದಿನಿ ಸೀಮೆಸುಣ್ಣದಲ್ಲಿ ಬಾಣ ಬರೆಯುತ್ತಿದ್ದಾಳೆ. ಲಾರಿಯ ಮೇಲೆ ನಿಂತು "ಮೂಲೆ ನೋಡಿ, ಮೂಲೆ" ಎಂದು ಹುಕುಂ ಕೊಡುತ್ತಿರುವುದು ಯಾರು? ಸಾಕ್ಷಾತ್ ಧರ್ಮಪತ್ನಿ.

ನಾದಿನಿ ಮನೆ ಬದಲಾಯಿಸುತ್ತಿರುವ ವಿಷಯವನ್ನೂ ತಮಗೆ ಒಬ್ಬರೂ ಹೇಳಿಲ್ಲ. ಮೇಸ್ತ್ರಿಗಳಿಗೆ ಸಿಟ್ಟು ನೆತ್ತಿಗೇರಿತು. ಹೋಗಿ ಎಲ್ಲರನ್ನೂ ಕೇಳಿಯೇಬಿಡಬೇಕು ಎಂದು ಬಾಗಿಲು ತೆಗೆದು, ಬಾಗಿಲು ಹಿಡಿಯದೆ, ಉಸಿರು ಬಿಗಿಹಿಡಿಯದೆ, ಇಪ್ಪತ್ತರ ಹುಡುಗನ ಹಾಗೆ ಛಂಗನೆ ಎದ್ದರು.

ಅರ್ಧ ಎದ್ದರು ಅನ್ನಬೇಕು. ಸೊಂಟದಲ್ಲಿ ಏನೋ ಲಟ್ ಎಂದಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಅಯ್ಯೋ, ಭಾವ" ಎನ್ನುತ್ತ ನಾದಿನಿ ಓಡಿ ಬಂದಳು. ಹಿಂದೆಯೇ ಎಲ್ಲರೂ ಬಂದರು.

"ಡಾಕ್ಟ್ರಲ್ವೇನ್ರೀ ನೀವು, ಏನಾದ್ರೂ ಮಾಡಿ" ಎಂದು ಮೇಸ್ತ್ರಿಗಳು ನರಳಿದರು.

"ನಾನು ಹಲ್ಲಿನವನು. ಸೊಂಟದಲ್ಲಿ ಹಲ್ಲಿಲ್ಲ" ಎಂದರು ಡಾಕ್ಟರು. ಆಮೇಲೆ ಮೆಲ್ಲಗೆ, "ಹೋದ ವರ್ಷ ನನಗೂ ಹೀಗೇ ಆಗಿತ್ತು. ಇದೇ ಕಾರಲ್ಲಿ."

"ಅದನ್ನ ಮೊದಲೇ ಹೇಳೋದಲ್ವಾ?"

"ಕೂರೋದು ಸುಲಭ ಅಂತ ಹೇಳಿದ್ನಲ್ಲ."

ಎಳೆದರೆ ಮೇಸ್ತ್ರಿಗಳು ಕಿರುಚುತ್ತಾರೆ, ಬಿಟ್ಟರೆ ನರಳುತ್ತಾರೆ. ಎಲ್ಲರೂ ಹೆಂಡತಿಯ ಮುಖ ನೋಡಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕಪಾಟು ಅಂತ ತಿಳ್ಕೊಳ್ಳಿ. ಕಂಬಳಿ ತನ್ನಿ. ಹಲಗೆ ಜಾರಿಸಿ. ಟೈಲರೇ, ಕಾಲು ನಿಮ್ಮದು. ಮೂಲೆ ನೋಡಿ, ಮೊಣಕೈ ಮೂಲೆ."

ಕಂಬಳಿ ಸುತ್ತಿ, ಹಲಗೆ ಜಾರಿಸಿ, ಒಂದು ಎರಡು ಎಂದು ಎಣಿಸಿ, ನಾಲ್ವರೂ ಅವರನ್ನು ಎತ್ತಿದರು. ಲಾರಿಯ ಮೇಲೆ ನಾದಿನಿಯ ಹಾಸಿಗೆ ಹಾಕಿತ್ತು. ಅದರ ಮೇಲೆ, ಕಪಾಟಿಗೂ ಕನ್ನಡಿಗೂ ನಡುವೆ, ಹೂವಿನ ಬುಟ್ಟಿ ಇಟ್ಟಷ್ಟು ಹಗುರವಾಗಿ ಇಟ್ಟರು. ಎಲ್ಲಿಯೂ ಏನೂ ತಾಗಲಿಲ್ಲ. ಮೇಸ್ತ್ರಿಗಳಿಗೆ ನೋವಿನಲ್ಲೂ ಅದು ಗೊತ್ತಾಯಿತು.

"ಮನೆ ಬಿಡೋ ವಿಷಯ ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ಮಲಗಿದಲ್ಲಿಂದಲೇ ಕೇಳಿದರು. ಸಿಟ್ಟಾಗಿ ಕೇಳಬೇಕೆಂದಿದ್ದರು. ಬಂದದ್ದು ಅಳುವ ದನಿ.

"ಅಕ್ಕ ಬೇಡ ಅಂದ್ಲು ಭಾವ. ಒಂದು ವಾರ ಯಾರೂ ಫೋನ್ ಮಾಡ್ಕೂಡದು, ಪಾಪ ಇಷ್ಟು ವರ್ಷ ಒಂದು ದಿನ ಬಿಡುವು ಕಂಡಿಲ್ಲ, ಆಸೆಪಟ್ಟ ಕಾರಲ್ಲಿ ತಿರುಗಾಡ್ಕೊಂಡಿರ್ಲಿ, ಏನಿದ್ರೂ ನನಗೇ ಹೇಳಿ ಅಂತ ಮನೆ ಮನೆಗೆ ಹೋಗಿ ಹೇಳಿದ್ಲು. ಬಾಡಿಗೆ ಗಾಡಿಯವನು ಒಯ್ದ ಅಂತ ನೀವು ಅಂದ್ಕೊಂಡ ಎರಡು ಕಪಾಟನ್ನೂ ಗಿರಾಕಿಗಳ ಮನೆಗೆ ಅಕ್ಕ, ಡಾಕ್ಟ್ರು ಇಬ್ಬರೇ ಮುಟ್ಟಿಸಿದ್ರು."

"ನಿನ್ನೆ ನಿಮ್ಮ ಮುಖ ನೋಡಿದ್ರೆ ಬಾಯ್ತಪ್ಪಿ ಏನಾದ್ರೂ ಕೇಳಿಬಿಡ್ತೀನಿ ಅಂತ ಒಳಗೆ ಓಡಿದೆ" ಎಂದ ಟೈಲರು. "ಅಂದ ಹಾಗೆ, ಹೇಗಿದ್ದೀರಿ?"

"ಸೊಂಟ ಒಂದು ಸ್ವಲ್ಪ..." ಎಂದು ಶುರು ಮಾಡಿದರು ಮೇಸ್ತ್ರಿಗಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಇಪ್ಪತ್ತೇಳು ವರ್ಷದ ಸೊಂಟದ ಕಥೆಯನ್ನು ಎಲ್ಲರೂ ಲಾರಿಯ ಸುತ್ತ ನಿಂತು ಕೊನೆಯವರೆಗೆ ಕೇಳಿದರು. ಕಥೆ ಮುಗಿಯುವಷ್ಟರಲ್ಲಿ ನಾದಿನಿ ಅವರ ಅಂಗಿಯ ಮೇಲೆ ಸೀಮೆಸುಣ್ಣದಲ್ಲಿ ತಲೆಯ ಕಡೆಗೆ ಒಂದು ಬಾಣ ಬರೆದು, ಸುತ್ತ ಒಂದು ಸೊನ್ನೆ ಹಾಕಿದ್ದಳು. ಮೇಸ್ತ್ರಿಗಳ ಕಣ್ಣು ತುಂಬಿತು. ಸೊಂಟಕ್ಕಲ್ಲ.

"ಡಾಕ್ಟ್ರೇ" ಎಂದರು ಮೂಗು ಒರೆಸಿಕೊಂಡು, "ಕಾರು ನೀವೇ ಇಟ್ಕೊಳ್ಳಿ. ನನ್ನ ಲಾರಿ ನನಗಿರಲಿ."

ಡಾಕ್ಟರ ಮುಖ ಬಾಡಿತು. "ಭಾನುವಾರ ಸಾಮಾನು ಹೊರೋಕಾದ್ರೂ ಕರೀತೀರಾ?"

"ಈ ಸೊಂಟ ಇಟ್ಕೊಂಡು ನಿಮ್ಮನ್ನಲ್ದೆ ಇನ್ಯಾರನ್ನ ಕರೀಲಿ?"

ಉಳಿದದ್ದು ಕೆಂಪು ಕಾರು. ಅದನ್ನು ಮನೆಗೆ ಒಯ್ಯಬೇಕು. ಡಾಕ್ಟರು ಲಾರಿಗೆ ಬೇಕು, ಷಡ್ಡಕನ ಮಾತೇ ಇಲ್ಲ. ಹೆಂಡತಿ ಲಾರಿ ಏರಿ ಬಂದು ಗಂಡನ ಮೂಗಿನ ಮೇಲಿಂದ ಕಪ್ಪು ಕನ್ನಡಕ ತೆಗೆದಳು.

"ಮಲಗಿರೋರಿಗೆ ಇದು ಯಾಕೆ" ಎಂದು ಹಾಕಿಕೊಂಡು ಇಳಿದು ಹೋದಳು.

ಲಾರಿ ಹೊರಟಿತು. ಮುಂದೆ ಡಾಕ್ಟರು "ಬಾ ತಾಯೀ" ಎನ್ನುವುದು ಕೇಳಿಸಿತು. ಮೂರನೇ ಗೇರು ತೆಪ್ಪಗೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೆಂಪು ಮಿಂಚು ಹಾರ್ನ್ ಹೊಡೆಯುತ್ತ ಬಂದು, ಪಕ್ಕಕ್ಕೆ ತಿರುಗಿ, ಮುಂದೆ ಹೋಯಿತು. ಪಕ್ಕದ ಸೀಟಿನಲ್ಲಿ ನಾದಿನಿ ಎರಡು ಕೈಯಲ್ಲೂ ತಲೆಗೂದಲು ಹಿಡಿದುಕೊಂಡಿದ್ದಳು. ಓಡಿಸುತ್ತಿದ್ದವಳು ಹಿಡಿದುಕೊಂಡಿರಲಿಲ್ಲ. ಅವಳ ಕೂದಲು ಹಾರುತ್ತಿತ್ತು.

ಮನೆಗೆ ಹತ್ತು ನಿಮಿಷದ ದಾರಿ. ಮೇಸ್ತ್ರಿಗಳನ್ನು ಇಳಿಸಿ, ಹಾಸಿಗೆ ಸಮೇತ ಕೋಣೆಗೆ ಸಾಗಿಸಿ, ಟೀ ಕುಡಿದು ಎಲ್ಲರೂ ಹೊಸ ಮನೆಗೆ ಹೊರಟು ಹೋದರೂ ಕಾರಿನ ಸುಳಿವಿಲ್ಲ. ಎರಡು ಗಂಟೆ ಕಳೆದ ಮೇಲೆ ಹೆಂಡತಿ ಒಳಗೆ ಬಂದಳು. ಕೂದಲು ಕಾಗೆ ಗೂಡಾಗಿತ್ತು, ಕೆನ್ನೆ ಕೆಂಪಾಗಿತ್ತು.

"ಎಲ್ಲಿಗೆ ಹೋಗಿದ್ಯೇ?"

"ದಾರಿ ತಪ್ಪಿತು" ಎಂದಳು, ಹುಟ್ಟಿ ಬೆಳೆದ ಊರಿನಲ್ಲಿ.

ಮೇಸ್ತ್ರಿಗಳು ಮಲಗಿದಲ್ಲಿಂದಲೇ ಕೈ ಚಾಚಿದರು. "ಹೋಗ್ಲಿ, ಕಾರಿನ ಕೀ ಕೊಡು. ಸಂಜೆ ಡಾಕ್ಟ್ರು ಬಂದಾಗ ಕೊಟ್ಟುಬಿಡೋಣ."

ಹೆಂಡತಿ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಭಾನುವಾರದವರೆಗೆ ಅಂತ ಮಾತಾಗಿತ್ತಲ್ವಾ?" ಎಂದಳು. "ಇನ್ನೂ ಒಂದು ದಿನ ಇದೆ."