ಸೇತುವೆಯ ನಡುವೆ ಬೆಂಚು

ಬೆಂಚಿನ ಮಾತೆತ್ತಿದವರು ರುದ್ರಪ್ಪನವರು. ಧಾರವಾಡದಿಂದ ಪರದೇಶದ ಜೂಟರ್‌ಮೀರ್ ಎಂಬ ಊರಿಗೆ, ಮಗಳು ಶ್ರಾವ್ಯಳ ಮನೆಗೆ ಬಂದಿದ್ದ ಅವರಿಗೆ ಬೆಳಗಿನ ವಾಕಿಂಗಿನಲ್ಲಿ ಕನ್ನಡ ಮಾತಿಗೆ ಸಿಗುತ್ತಿದ್ದವನು ಪಕ್ಕದ ಮನೆಯ ಶಮಂತ್ ಒಬ್ಬನೇ.

ಶಮಂತ್ ನಗರಸಭೆಯಲ್ಲಿ ಎಂಜಿನಿಯರ್. ಕಾಲುವೆಗೆ ಕಟ್ಟುತ್ತಿದ್ದ ಸೈಕಲ್ ಸೇತುವೆಗೆ ನಗರಸಭೆಯೇ ಮಾಲೀಕ. ಮೇಲಧಿಕಾರಿ ರಜೆಯಲ್ಲಿದ್ದುದರಿಂದ ಆ ವಾರ ಮಾಲೀಕನ ಪರವಾಗಿ ಹೂಂ, ಉಹೂಂ ಎನ್ನಬೇಕಾದವನು ಅವನು. ಹೂಂ ಎನ್ನುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಉಹೂಂ ಎನ್ನಬೇಕಾದಾಗ ಮಾತ್ರ ಬಿಸಿ ಗೆಣಸು ಬಾಯಿಗಿಟ್ಟುಕೊಂಡವನಂತೆ ಒದ್ದಾಡುತ್ತಿದ್ದ.

"ಸೇತುವಿ ನಡುವ ಒಂದು ಬೆಂಚ್ ಇದ್ರ ಛಲೋ ಆಗ್ತದ ನೋಡು ತಮ್ಮಾ," ಎಂದರು ರುದ್ರಪ್ಪ.

"ಅದಕ್ಕೇನು ಅಂಕಲ್, ಹಾಕ್ಸೋಣ ಬಿಡಿ."

ಅಲ್ಲಿಂದ ನೆಟ್ಟಗೆ ಕೆಲಸದ ಜಾಗಕ್ಕೆ ಹೋಗಿ ಗುತ್ತಿಗೆದಾರ ವಿಮ್‌ಗೂ ಹೇಳಿಬಿಟ್ಟ.

"ನಕ್ಷೆಯಲ್ಲಿ ಇಲ್ವಲ್ಲ. ಖಂಡಿತ ಬೇಕಾ?" ಎಂದ ವಿಮ್.

"ಬೇಕು."

ವಿಮ್ ಫೋನು ಕಿವಿಗಿಟ್ಟುಕೊಂಡು ಆಚೆ ನಡೆದ.

ಶಮಂತ್ ಆಫೀಸು ಮುಟ್ಟುವಷ್ಟರಲ್ಲಿ ಕಾಲುವೆಯಾಚೆಯ ಇನೇಕೆ ಬಂದು ಕೂತಿದ್ದರು. ನಿವೃತ್ತ ಶಿಕ್ಷಕಿ, ಸೈಕಲ್ಲಿನಿಂದ ಇಳಿದರೂ ಹೆಲ್ಮೆಟ್ ತೆಗೆಯದವರು. ಸುದ್ದಿ ಕೆಲಸಗಾರರಿಂದ ತಿಳಿದಿತ್ತು.

"ಸೈಕಲ್ ದಾರೀಲಿ ಬೆಂಚು ಇಡೋ ಬುದ್ಧಿ ಯಾರದ್ದು? ಮಕ್ಕಳು ಬಿದ್ದು ಮೂತಿ ಒಡ್ಕೊಳ್ಳಲ್ವಾ?"

"ನೀವು ಹೇಳೋದೂ ಸರೀನೇ," ಎಂದ ಶಮಂತ್. ಅವರು ಹೋದ ಮೇಲೆ ವಿಮ್‌ಗೆ ಫೋನು ಮಾಡಿ, ಬೆಂಚು ಇಲ್ಲದಿದ್ದರೂ ನಡೆಯುತ್ತದೇನೋ ಎಂದ.

"ಬೇಕಾ, ಬೇಡ್ವಾ?"

"ಯೋಚಿಸಿ ಹೇಳ್ತೀನಿ."

ಎದುರು ಮೇಜಿನ ಊರ್ಮಿಳಾ ಎಲ್ಲ ಕೇಳಿಸಿಕೊಂಡಿದ್ದಳು. "ಸಿಂಪಲ್ ಕಣೋ. ನಡುವೆ ಸ್ವಲ್ಪ ಅಗಲ ಮಾಡ್ಸು. ಇಬ್ರೂ ಖುಷಿ."

ಅದಕ್ಕೂ ಹೂಂ ಎಂದ. ಅಗಲ ಮಾಡಬೇಕಾದರೆ ಇನ್ನೊಂದು ಕಂಬ ಬೇಕು ಎಂದರು ನಕ್ಷೆಯವರು. ಕಂಬ ಇಳಿಯಬೇಕಾದ ಜಾಗದಲ್ಲಿ ಬಾತುಕೋಳಿ ಗೂಡು ಕಟ್ಟಿತ್ತು. ಊಟದ ಹೊತ್ತಿಗೆ ಬಾತುಕೋಳಿಯ ಹಿತೈಷಿಗಳಿಂದ ಒಂದರ ಹಿಂದೊಂದು ಫೋನು ಬರತೊಡಗಿ, ಶಮಂತನ ಬ್ರೆಡ್ಡು ಕಚ್ಚಿದಲ್ಲೇ ಒಣಗಿತು.

ಸಂಜೆ ಅವನು ಹಲ್ಲು ಕಚ್ಚಿಕೊಂಡು ಸೇತುವೆಗೆ ಹೋದ. ಆ ದೇಶಕ್ಕೆ ಬಂದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಬೆಂಚು ಬೇಡ. ಮೊದಲಿದ್ದ ನಕ್ಷೆಯಂತೆಯೇ ಕಟ್ಟಿ."

ವಿಮ್ ಅವನನ್ನು ಮರುಕದಿಂದ ನೋಡಿದ. "ಬೆಳಿಗ್ಗೆ ಬೇಕು ಅಂದ್ರಿ, ಆಗ್ಲೇ ಫ್ಯಾಕ್ಟರಿಗೆ ಹೇಳಿದೆ. ತೊಲೆಗೆ ಬೆಂಚಿನ ಕಾಲು ಬೆಸುಗೆ ಹಾಕಿಯಾಯ್ತು. ಆಮೇಲೆ ಫೋನಲ್ಲೂ ನೀವು ಬೇಡ ಅಂತೇನೂ ಹೇಳ್ಲಿಲ್ಲವಲ್ಲ. ನಾವು ಕಟ್ಟೋರು, ಶಮಂತ್. ಏನು ಬೇಕು ಅನ್ನೋದು ನಿಮಗೆ ಗೊತ್ತಿರಬೇಕು."

ಶಮಂತ್ ಸೈಕಲ್ ತಳ್ಳಿಕೊಂಡೇ ಮನೆಯತ್ತ ನಡೆದ. ಬೆಳಿಗ್ಗೆ ಒಂದು ಗಳಿಗೆ ನಿಂತು, ನಿಜವಾಗಿ ಬೇಕಾ ಅಂಕಲ್, ಯಾಕೆ ಬೇಕು ಎಂದು ಕೇಳಿದ್ದರೆ ಆಗುತ್ತಿತ್ತು. ಒಳ್ಳೆಯವನೆನಿಸಿಕೊಳ್ಳುವ ಆತುರದಲ್ಲಿ ಅಷ್ಟನ್ನೂ ಕೇಳಿರಲಿಲ್ಲ. ಹೋಗಲಿ, ಒಬ್ಬರಾದರೂ ಸಂತೋಷಪಡಲಿ ಎಂದುಕೊಂಡು ಶ್ರಾವ್ಯಳ ಮನೆಯ ಬೆಲ್ ಒತ್ತಿದ.

"ಅಂಕಲ್, ನಿಮ್ಮ ಬೆಂಚು ಬರುತ್ತೆ."

"ಯಾವ ಬೆಂಚು?" ರುದ್ರಪ್ಪ ಕನ್ನಡಕ ಸರಿಮಾಡಿಕೊಂಡರು. "ಅಯ್ಯ, ಅದನ್ನ ಮಾತಿಗೆ ಅಂದಿದ್ದೆನೋ ತಮ್ಮಾ. ನಾ ಮುಂದಿನ ವಾರ ಊರಿಗೆ ಹೊಂಟೇನಿ. ನೀರಿನ ಮ್ಯಾಲಿನ ಆ ಥಂಡಿ ಗಾಳ್ಯಾಗ ಯಾರು ಕುಂಡ್ರತಾರ?"

ಶಮಂತ್ ಒಳಗೆ ಬಂದು ಸೋಫಾದ ತುದಿಗೆ ಕುಳಿತ.

"ಮಧ್ಯಾಹ್ನ ಆ ಇನೇಕೆ ಬಾಯಾರು ಬಂದಿದ್ರು. ಬೆಂಚಿಗೆ ಎಡವಿ ಹುಡುಗ್ರು ಬೀಳ್ತಾರಂತ. ಶ್ರಾವ್ಯ ತಿಳಿಸಿ ಹೇಳಿದ್ಲು, ನನಗೂ ಖರೇ ಅನ್ನಿಸ್ತು. ಬ್ಯಾಡಂತ ನಗರಸಭೆಗೆ ಕೊಡೋ ಅರ್ಜಿಗೆ ನಂದ ಮೊದಲ ಸಹಿ." ಅವರು ಟೀಪಾಯಿಯ ಮೇಲಿದ್ದ ಹಾಳೆಯನ್ನು ಪೆನ್ನಿನ ಸಮೇತ ಅವನತ್ತ ನೀಡಿದರು. "ಓಣಿಯವರದೆಲ್ಲಾ ಆಗೇದ. ನೀನೂ ಒಂದು ಹಾಕು."

ಅರ್ಜಿ ನಾಳೆ ಬಂದು ಬೀಳುವುದು ತನ್ನ ಮೇಜಿಗೇ ಎಂಬುದು ಶಮಂತನಿಗೆ ಗೊತ್ತಿತ್ತು. ಮುದುಕರು ಕೈ ಚಾಚಿಕೊಂಡೇ ಕಾಯುತ್ತಿದ್ದರು. ಆಗುವುದಿಲ್ಲ ಎನ್ನಲು ಎರಡು ಸಲ ಬಾಯಿ ತೆರೆದ.

ಆಮೇಲೆ ಪೆನ್ನು ತೆಗೆದುಕೊಂಡು ಸಹಿ ಹಾಕಿದ.